ಕುದುರೆಯ ಹೊಟ್ಟೆಯಲ್ಲೊಂದು ಉಪನ್ಯಾಸ

ಆವತ್ತು ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಬಾಲದ ಮೇಷ್ಟ್ರು ಒಂದು ನಿಟ್ಟುಸಿರು ಬಿಟ್ಟರು. ಬಿಡಬಾರದಿತ್ತು. ಬಿಟ್ಟರೂ ಮೆಲ್ಲಗೆ ಬಿಡಬೇಕಿತ್ತು. ಕಾಂಪೌಂಡಿನ ಆಚೆ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಇಂಜಿನಿಯರ್‌ಗೆ ನಿವೃತ್ತಿಯಾದ ಮೇಲೆ ಕೈಗೂ ಕೆಲಸವಿರಲಿಲ್ಲ, ತಲೆಗೂ ಇರಲಿಲ್ಲ. ಕಿವಿ ಮಾತ್ರ ಓವರ್‌ಟೈಮ್ ಮಾಡುತ್ತಿತ್ತು.

"ಯಾಕೆ ಮೇಷ್ಟ್ರೇ, ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆಗೇನಾಗಿದೆ, ಚೆನ್ನಾಗೇ ಇದೆ. ಮಧ್ಯಾಹ್ನ ಕಾಲೇಜಲ್ಲಿ ನನ್ನ ಉಪನ್ಯಾಸ. ಕೇಳೋಕೆ ಯಾರು ಬರ್ತಾರೆ ಅಂತ ಯೋಚನೆ, ಅಷ್ಟೇ."

"ಯಾವುದರ ಮೇಲೆ? ಅದೇ ಬಾಲಾನಾ?"

ಅದೇ ಬಾಲ. ಮೇಷ್ಟ್ರಿಗೆ ಆ ಅಡ್ಡಹೆಸರು ಬಂದದ್ದೇ ಅವರ ವಿದ್ಯೆಯಿಂದ. ಗ್ರೀಕರು ಟ್ರಾಯ್ ಎಂಬ ಊರಿನ ಮೇಲೆ ದಂಡೆತ್ತಿ ಹೋದರೆಂಬ ಕತೆ ಉಂಟಲ್ಲ, ಅದರ ಮೇಲೆ ದೊಡ್ಡ ಕವಿಯೊಬ್ಬ ಕಟ್ಟಿದ ಮಹಾಕಾವ್ಯ ಆ ಊರಿನ ದೊಡ್ಡ ವೀರನೊಬ್ಬನ ಶವಸಂಸ್ಕಾರಕ್ಕೇ ನಿಂತುಬಿಡುತ್ತದೆ. ಗ್ರೀಕ್ ವೀರರನ್ನು ಹೊಟ್ಟೆಯಲ್ಲಿ ಅಡಗಿಸಿಕೊಂಡ ಮರದ ಕುದುರೆ ಬಂದದ್ದು, ಊರು ಉರಿದದ್ದು ಎಲ್ಲ ಅದರಾಚೆಯ ಮಾತು. ಅದನ್ನು ಹೇಳಿದ ಹಳೆಯ ಕಾವ್ಯಗಳು ಕಳೆದುಹೋದವು. ಎಷ್ಟೋ ಶತಮಾನಗಳ ನಂತರ ಇನ್ನೊಬ್ಬ ಕವಿ ಬಂದು, ನಿಂತ ಜಾಗದಿಂದಲೇ ಕತೆಯನ್ನೆತ್ತಿಕೊಂಡು ಕೊನೆ ಮುಟ್ಟಿಸಿದ. ಪಂಡಿತರು ಅವನನ್ನು ದೊಡ್ಡ ಕವಿಯ ಬಾಲ ಎಂದು ಕರೆದು ಮೂಲೆಗಿಟ್ಟರು. ನಮ್ಮ ಮೇಷ್ಟ್ರು ಮಾತ್ರ ತಲೆಯಲ್ಲಿ ಕೂದಲಿದ್ದಾಗ ಹಿಡಿದ ಆ ಬಾಲವನ್ನು ಕೂದಲು ಹೋದ ಮೇಲೂ ಬಿಟ್ಟಿರಲಿಲ್ಲ.

ಅಷ್ಟು ಓದಿ ಅವರಿಗೆ ಸಿಕ್ಕಿದ್ದಾದರೂ ಏನು? ಅವರು ಬರೆದ ಲೇಖನವೆಲ್ಲ ವಿಭಾಗದ ಹೆಡ್ಡಿನ ಹೆಸರಿನಲ್ಲಿ ಅಚ್ಚಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಮತ್ತು ಇತರರು' ಅಂತ ಇರುತ್ತಿತ್ತು. ಆ ಇತರರೇ ಮೇಷ್ಟ್ರು. ಸಾಯುವುದರೊಳಗೆ ಒಂದೇ ಒಂದು ಪುಸ್ತಕದ ರಟ್ಟಿನ ಮೇಲೆ ತಮ್ಮ ಹೆಸರು, ತಮ್ಮದೊಂದೇ ಹೆಸರು ನೋಡಬೇಕೆನ್ನುವುದು ಅವರ ಆಸೆ. ಇವತ್ತು ಅಕಾಡೆಮಿಯಿಂದ ಹಿರಿಯ ವಿದುಷಿಯೊಬ್ಬರು ಉಪನ್ಯಾಸ ಕೇಳಲು ಬರುವವರಿದ್ದರು. ಅವರು ಮೆಚ್ಚಿದರೆ ಮೇಷ್ಟ್ರು ಆ ಕವಿಯ ಮೇಲೆ ಬರೆದಿಟ್ಟಿದ್ದ ಪುಸ್ತಕ ಅಚ್ಚಾದ ಹಾಗೆಯೇ. ಆದರೆ ಆಯಮ್ಮ ಸುಲಭಕ್ಕೆ ಮೆಚ್ಚುವವರಲ್ಲ. ಮೇಷ್ಟ್ರ ಕವಿಯನ್ನು 'ನಿನ್ನೆಯ ಅಡುಗೆ ಬಿಸಿ ಮಾಡಿ ಬಡಿಸಿದವನು' ಎಂದು ಬರೆದವರೇ ಅವರು.

ಮೇಷ್ಟ್ರ ಹೆಂಡತಿಗೆ ಇದಾವುದರ ಚಿಂತೆಯೂ ಇರಲಿಲ್ಲ. ಆಕೆ ಆಗಲೇ ನಡುಮನೆಯ ಗಾಜಿನ ಬೀರುವಿನ ಮೇಲಿನ ಅಂಕಣದಿಂದ ಪಿಂಗಾಣಿ ಗೊಂಬೆಗಳನ್ನು ಕೆಳಗಿಳಿಸಿ, ಬಟ್ಟೆಯಿಂದ ಒರೆಸಿ, ಪುಸ್ತಕಕ್ಕೆ ಜಾಗ ಮಾಡಿಟ್ಟಿದ್ದಳು.

"ಕತೇಲಿ ಕುದುರೆ ಬರುತ್ತೆ ಅಂದಿದ್ರಲ್ಲ ಒಂದ್ಸಲ?" ಇಂಜಿನಿಯರ್ ಪೈಪು ಕೆಳಗಿಟ್ಟರು. "ಜನಕ್ಕೆ ಕುದುರೆ ತೋರಿಸಿ ಮೇಷ್ಟ್ರೇ. ಬರ್ದೆ ಎಲ್ಲಿ ಹೋಗ್ತಾರೆ? ನೀವು ಸ್ನಾನ ಮಾಡ್ಕೊಂಡು ಬನ್ನಿ. ಮಿಕ್ಕಿದ್ದು ನಂಗೆ ಬಿಡಿ."

ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆದರು. ಬಾಯಿ ತುಂಬ ನೊರೆಯಿತ್ತು.

ಕಾಲೇಜು ಮುಟ್ಟುವ ಹೊತ್ತಿಗೆ ಅನಾಹುತ ಅರ್ಧ ಮುಗಿದಿತ್ತು. ನಾಟಕದ ಮೇಷ್ಟ್ರು ಹೋದ ವರ್ಷ ಯಾವುದೋ ರಾಜನ ನಾಟಕಕ್ಕೆ ಮಾಡಿಸಿದ್ದ ಪ್ಲೈವುಡ್ ಕುದುರೆ ಶೆಡ್ಡಿನಿಂದ ಹೊರಗೆ ಬಂದು ಅಂಗಳದಲ್ಲಿ ನಿಂತಿತ್ತು. ಒಂದು ಕಿವಿಯನ್ನು ಇಲಿ ತಿಂದಿತ್ತು. ಹೊಟ್ಟೆ ಟೊಳ್ಳು. ಪಕ್ಕೆಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಸಣ್ಣ ಬಾಗಿಲು. ಇಂಜಿನಿಯರ್ ಅದರ ಕೆಳಗೆ ಅಂಗಾತ ಮಲಗಿ ಕಾಲುಗಳಿಗೆ ಹಳೆಯ ಕೈಗಾಡಿಯ ಗಾಲಿ ಕೂಡಿಸುತ್ತಿದ್ದರು.

"ನೀವು ಇದರ ಹೊಟ್ಟೇಲಿ ಕೂತಿರ್ತೀರಿ. ನಾವು ತಳ್ಕೊಂಡು ಉಪನ್ಯಾಸದ ಹಾಲಿನ ಒಳಗೆ ತರ್ತೀವಿ. ಲೈಟು ಆಫ್. ನೀವು ಬಾಗಿಲು ತೆಗೆದು ಕೆಳಗಿಳಿದು ಮಾತು ಶುರು ಮಾಡ್ತೀರಿ," ಎಂದರು ನಾಟಕದ ಮೇಷ್ಟ್ರು. ಹೇಳುವಾಗಲೇ ಅವರಿಗೆ ಮೈ ಜುಮ್ಮೆನ್ನುತ್ತಿತ್ತು.

"ಇದೇನ್ರಿ ಇದು? ನಾನು ಬಂದಿರೋದು ಉಪನ್ಯಾಸ ಮಾಡೋಕೆ. ಸರ್ಕಸ್ ಮಾಡೋಕಲ್ಲ."

ಗದ್ದಲ ಕೇಳಿ ಹೆಡ್ಡು ಹೊರಗೆ ಬಂದರು. "ಹೋದ ಸಲ ನಿಮ್ಮ ಉಪನ್ಯಾಸಕ್ಕೆ ಇದ್ದೋರು ನಾನು, ಮೈಕಿನೋನು. ಮೈಕಿನೋನಿಗೆ ಸಂಬಳ ಕೊಡ್ತೀವಿ, ಅದಕ್ಕೆ ಕೂತಿದ್ದ. ಇವತ್ತು ಆಯಮ್ಮನ ಮುಂದೆ ಖಾಲಿ ಕುರ್ಚಿ ಇದ್ರೆ ವಿಭಾಗದ ಮರ್ಯಾದೆ ಏನಾಗುತ್ತೆ? ಒಳಗೆ ಹೋಗಿ."

ಮೇಷ್ಟ್ರು ಕುದುರೆಯನ್ನೊಮ್ಮೆ ನೋಡಿದರು. ಯಾರಿಗೂ ಹೇಳದ ಒಂದು ಗುಟ್ಟು ಅವರಲ್ಲಿತ್ತು. ಅವರ ಕವಿಯ ಇಡೀ ಕಾವ್ಯದಲ್ಲಿ ಅವರಿಗೆ ಬಹಳ ಇಷ್ಟವಾದ ಜಾಗ, ವೀರರು ಕುದುರೆಯೊಳಗೆ ಇಳಿಯುವುದೇ. ಇಷ್ಟು ವರ್ಷ ಓದಿದ ಜಾಗಕ್ಕೆ ಒಂದು ಸಲ ಹೋಗಿ ಬಂದರೆ ತಪ್ಪೇನು ಅನಿಸಿತು. ಇಸ್ತ್ರಿ ಮಾಡಿದ ಕೋಟನ್ನು ಎತ್ತಿ ಹಿಡಿದು, ವೈರಿಲ್ಲದ ಮೈಕನ್ನು ಜೇಬಿಗೆ ಸೇರಿಸಿ, ತಲೆ ತಗ್ಗಿಸಿ ಒಳಗೆ ನುಸುಳಿದರು.

ಇಂಜಿನಿಯರ್ ಹೇಳಿದ್ದು ಸುಳ್ಳಾಗಲಿಲ್ಲ. ಕುದುರೆ ಹೊರಟದ್ದೇ ತಡ, ಕ್ಯಾಂಟೀನು ಖಾಲಿಯಾಯಿತು. ಲೈಬ್ರರಿ ಖಾಲಿಯಾಯಿತು. ಗೇಟಿನ ಹೊರಗಿನ ಸೈಕಲ್ ರಿಪೇರಿಯವನೂ ಪಂಪು ಹಿಡಿದುಕೊಂಡೇ ಬಂದ. ಶಿಳ್ಳೆ, ಕೇಕೆಗಳ ನಡುವೆ ಕುದುರೆ ಜಗ್ಗುತ್ತ ಕುಲುಕುತ್ತ ಹಾಲಿನ ಬಾಗಿಲಿಗೆ ಬಂದು, ತಲೆ ಕುತ್ತಿಗೆ ಒಳಗೆ ತೂರಿಸಿ, ನಡುಬಾಗಿಲಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು.

ತಳ್ಳಿದರು. ಎಳೆದರು. ಅಲ್ಲಾಡಲಿಲ್ಲ.

"ಹೋದ ವರ್ಷ ಇದೇ ಬಾಗಿಲಲ್ಲಿ ಸಲೀಸಾಗಿ ಹೋಗಿತ್ತು ಕಣ್ರೀ," ಎಂದರು ನಾಟಕದ ಮೇಷ್ಟ್ರು.

"ಆಗ ಗಾಲಿ ಇತ್ತಾ?" ಎಂದರು ಇಂಜಿನಿಯರ್.

"ಇರ್ಲಿಲ್ಲ."

ಇಬ್ಬರೂ ಗಾಲಿಗಳನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಳಗಿನಿಂದ ಮೇಷ್ಟ್ರು ಪಕ್ಕೆಯ ಬಾಗಿಲು ತಳ್ಳಿದರು. ಅದು ಗೋಡೆಗೆ ಒತ್ತಿಕೊಂಡು ಕೂತಿತ್ತು. ಹಾಲಿಗೆ ಇನ್ನೊಂದು ಬಾಗಿಲೇನೋ ಇತ್ತು, ಆದರೆ ಅದರ ಹಿಂದೆ ಕಾಲೇಜಿನ ಮುರಿದ ಬೆಂಚುಗಳನ್ನೆಲ್ಲ ಸೂರು ಮುಟ್ಟುವಂತೆ ಪೇರಿಸಿದ್ದರು. ಒಳಗೆ ಹೋಗುವ ಹಾಗಿಲ್ಲ, ಹೊರಗೆ ಬರುವ ಹಾಗಿಲ್ಲ. ಅದೇ ಹೊತ್ತಿಗೆ ಸರಿಯಾಗಿ ಹಿರಿಯ ವಿದುಷಿ ಕೋಲೂರಿಕೊಂಡು ಅಂಗಳಕ್ಕೆ ಬಂದರು. ಅವರನ್ನು ಸ್ವಾಗತಿಸಿದ್ದು ಕುದುರೆಯ ಹಿಂಭಾಗ. ಅದಕ್ಕೆ ಸೆಣಬಿನ ದೊಡ್ಡದೊಂದು ಬಾಲವಿತ್ತು.

ಹೆಡ್ಡು ಬೆವರು ಒರೆಸಿಕೊಂಡರು. "ಅಮ್ಮಾ, ಸಣ್ಣ ತೊಂದರೆ. ಉಪನ್ಯಾಸಕರು ಒಳಗಿದ್ದಾರೆ. ಅಂದ್ರೆ, ಹಾಲಿನ ಒಳಗಲ್ಲ. ಇನ್ನೊಂದು ದಿನ ಇಟ್ಕೊಳ್ಳೋಣ್ವಾ?"

"ಸಂಜೆ ರೈಲಿಗೆ ನಾನು ಹೊರಟೆ. ಇನ್ನೊಂದು ದಿನ ಬರೋ ವಯಸ್ಸಲ್ಲ ನಂದು," ಎಂದರು ಆಕೆ. "ಒಳಗಿರೋರಿಗೆ ಬಾಯಿ ಇದೆಯಲ್ಲ? ಇಲ್ಲೊಂದು ಕುರ್ಚಿ ಹಾಕಿಸಿ."

ಕುರ್ಚಿ ಬಂತು. ಜನ ಅಂಗಳದಲ್ಲೇ ಕೂತರು. ಹೆಡ್ಡು ಉಪನ್ಯಾಸಕರ ಪರಿಚಯ ಮಾಡಲು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ಕುದುರೆಯ ಹೊಟ್ಟೆಯಿಂದ ದನಿ ಹೊರಟಿತು. ವೇದಿಕೆಯ ಮೇಲಿರುವ ಗಣ್ಯರೇ ಎನ್ನಲಿಲ್ಲ, ವಂದನೆ ಹೇಳಲಿಲ್ಲ, ತಾನು ಯಾರೆಂದೂ ಹೇಳಲಿಲ್ಲ. ನೇರ ವಿಷಯಕ್ಕೇ ಬಂತು. ಮೇಷ್ಟ್ರು ಬಹಳ ದಿನಗಳಿಂದ ಹಾಗೆಯೇ ಶುರು ಮಾಡಬೇಕೆಂದು ನಿಶ್ಚಯಿಸಿದ್ದರು. ಯಾಕೆಂದರೆ ಅವರ ಕವಿಯೂ ಹಾಗೆಯೇ ಶುರು ಮಾಡಿದ್ದ.

"ದೊಡ್ಡ ಕವಿ ದೇವಿಯನ್ನ ಕರೆದು ಕಾವ್ಯ ಶುರು ಮಾಡ್ತಾನೆ. ಇವನು ಯಾರನ್ನೂ ಕರೆಯಲಿಲ್ಲ. ಪೀಠಿಕೆ ಇಲ್ಲ, ಅಪ್ಪಣೆ ಕೇಳೋದಿಲ್ಲ. ಇದನ್ನ ನೋಡಿ ಪಂಡಿತರು ಏನಂದ್ರು? ಇವನಿಗೆ ಸ್ವಂತ ಕಾವ್ಯ ಇಲ್ಲ, ಇನ್ನೊಬ್ಬನ ಕಾವ್ಯಕ್ಕೆ ಅಂಟಿಕೊಂಡಿದ್ದಾನೆ, ಬಾಲ ಅಂದ್ರು. ನಾನು ಕೇಳ್ತೀನಿ, ಅಪ್ಪಣೆ ಕೇಳಿ ಒಳಗೆ ಬರೋದು ಯಾರು? ನೆಂಟರು. ಮನೆ ಮಗ ಬಾಗಿಲು ತಟ್ತಾನಾ? ಸೀದಾ ಒಳಗೆ ಬರ್ತಾನೆ. ಇದು ಬಾಲದ ನಡತೆ ಅಲ್ಲ. ಮನೆಯ ಹಕ್ಕುದಾರನ ನಡತೆ."

ಅಂಗಳದಲ್ಲಿ ಶಿಳ್ಳೆ ನಿಂತಿತು. ಕತ್ತಲೆಯಲ್ಲಿ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿದ್ದ ಮೇಷ್ಟ್ರಿಗೆ ಟಿಪ್ಪಣಿ ಕಾಣುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸೋತವರ ಊರಿನ ಹೆಂಗಸರ ದುಃಖವನ್ನು ಆ ಕವಿ ಹೇಗೆ ಹೇಳಿದ, ಶತ್ರುಪಕ್ಷದ ವೀರರಾಣಿಯನ್ನು ಕೊಂದ ಮೇಲೆ ಅವಳ ಮುಖ ಕಂಡು ಕೊಂದವನೇ ಹೇಗೆ ಕಂಗಾಲಾದ, ಗೆದ್ದವರನ್ನೂ ಮನೆ ಮುಟ್ಟಲು ಬಿಡದ ಬಿರುಗಾಳಿಯಲ್ಲಿ ಕಾವ್ಯವನ್ನು ಹೇಗೆ ಮುಗಿಸಿದ, ಎಲ್ಲ ಹೇಳಿದರು. ಪ್ಲೈವುಡ್ಡಿನ ಹೊಟ್ಟೆಯಲ್ಲಿ ಅವರ ಸಣ್ಣ ದನಿ ಗುಂಯ್‌ಗುಟ್ಟಿ ದೊಡ್ಡದಾಗಿ ಬರುತ್ತಿತ್ತು. ಸೈಕಲ್ ರಿಪೇರಿಯವನು ಪಂಪಿನ ಮೇಲೆ ಗಲ್ಲ ಊರಿ ಕೂತುಬಿಟ್ಟ. ಗೇಟಿನ ಹತ್ತಿರ ನಿಂತಿದ್ದ ಮೇಷ್ಟ್ರ ಹೆಂಡತಿ ಪಕ್ಕದಲ್ಲಿದ್ದ ಯಾರೋ ಗುರುತಿಲ್ಲದವರಿಗೆ "ನಮ್ಮನೆಯೋರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಬ್ಬರಿಗೂ ಹೇಳಿದಳು.

ಮುಗಿದಾಗ ಹಿರಿಯ ವಿದುಷಿ ಕೋಲೆತ್ತಿದರು. "ಒಂದು ಪ್ರಶ್ನೆ. ನಿಮ್ಮ ಕವಿ ತನ್ನ ಬಗ್ಗೆ ಹೇಳಿಕೊಂಡಿರೋ ಜಾಗ ಒಂದಿದೆಯಲ್ಲ. ಅದಕ್ಕೇನಂತೀರಿ?"

"ಇದೆ ಅಮ್ಮಾ. ಅದೂ ಕುದುರೆಯ ಹತ್ತಿರವೇ. ಹೊಟ್ಟೆಯೊಳಗೆ ಇಳಿದವರ ಹೆಸರು ನೆನಪು ಮಾಡಿಕೊಡಿ ಅಂತ ದೇವಿಯರನ್ನ ಅಲ್ಲಿ ಕೇಳ್ತಾನೆ. ಚಿಕ್ಕವನಾಗಿದ್ದಾಗ ಕುರಿ ಕಾಯ್ತಿದ್ದೆ ಅಂತಾನೆ. ಆಮೇಲೆ ಒಳಗಿದ್ದ ವೀರರ ಹೆಸರು ಒಂದೊಂದಾಗಿ ಹೇಳ್ತಾನೆ, ತನ್ನದು ಮಾತ್ರ ಇಲ್ಲ. ಯಾಕೆ? ಸ್ವಾಭಿಮಾನ ಇರೋನಿಗೆ ಹೆಸರು ಬೇಕಿಲ್ಲ. ಹೆಸರಿಗೆ ಬಾಯಿ ಬಿಡೋರು ತಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲದೋರು."

ಆ ಕೊನೆಯ ಮಾತು ಅವರು ಸಿದ್ಧ ಮಾಡಿಕೊಂಡು ಬಂದದ್ದರಲ್ಲಿ ಇರಲಿಲ್ಲ. ಮಾತು ರಂಗೇರಿದ ಭರದಲ್ಲಿ ಬಾಯಿಗೆ ಬಂದುಬಿಟ್ಟಿತು. ಅಂಗಳ ಕಿತ್ತುಹೋಗುವಂತೆ ಚಪ್ಪಾಳೆ ಬಿತ್ತು.

ವಿದುಷಿ ಎದ್ದು ನಿಂತರು. "ನಾನು ಆ ಕವಿಗೆ ಅನ್ಯಾಯ ಮಾಡಿದ್ದೆ. ಇವತ್ತು ಸೋತೆ, ಸೋತದ್ದಕ್ಕೆ ಸಂತೋಷ. ಈ ಪುಸ್ತಕ ಅಕಾಡೆಮಿಯಿಂದಲೇ ಬರುತ್ತೆ, ಬರೋ ವರ್ಷದ ಮೊದಲ ಪುಸ್ತಕ."

ಒಳಗೆ ಮೇಷ್ಟ್ರು ಸಂತೋಷಕ್ಕೆ ಮೇಲೆದ್ದರು. ಕುದುರೆಯ ಬೆನ್ನು ತಲೆಗೆ ಠಣ್ಣನೆ ಬಡಿಯಿತು.

"ರಟ್ಟಿನ ಮೇಲೆ ಹೆಸರು ಇರೋದಿಲ್ಲ," ಆಕೆ ಮುಂದುವರಿಸಿದರು. "ಆಹ್ವಾನಪತ್ರದಲ್ಲಿ ಇವರ ಹೆಸರು ಓದಿಕೊಂಡು ಬಂದಿದ್ದೆ. ಈಗ ಅದನ್ನ ಮರೆತುಬಿಡ್ತೀನಿ. ಇಂಥ ವಾದ ಮಾಡಿದೋರಿಗೆ ನಾನು ಕೊಡಬಹುದಾದ ಗೌರವ ಅದೇ."

"ಅಮ್ಮಾ, ಒಂದು ನಿಮಿಷ," ಎಂದರು ಮೇಷ್ಟ್ರು. ಮೈಕಿನ ಬ್ಯಾಟರಿ ಸತ್ತಿತ್ತು. ಚಪ್ಪಾಳೆಯಲ್ಲಿ ಬರಿ ಗಂಟಲು ಯಾರಿಗೆ ಕೇಳಬೇಕು? ಎರಡೂ ಮುಷ್ಟಿಯಿಂದ ಪ್ಲೈವುಡ್ಡನ್ನು ದಬದಬ ಬಡಿದರು.

"ನೋಡಿ, ಒಪ್ಪಿಗೆ ಅಂತಿದ್ದಾರೆ," ಎಂದರು ವಿದುಷಿ. ಅವರ ಕಣ್ಣಂಚು ಒದ್ದೆಯಾಗಿತ್ತು. "ಎಂಥ ಮನುಷ್ಯ. ಆದರೆ ಮುನ್ನುಡಿಗೆ ಮಾತ್ರ ಒಂದು ಹೆಸರು ಬೇಕಾಗುತ್ತೆ. ಹೆಡ್ ಅವರೇ, ನೀವು ಬರೆದುಕೊಡಿ."

"ನಾನಾ?" ಹೆಡ್ಡು ನಾಚಿಕೊಂಡರು. "ದೊಡ್ಡೋರು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ."

"ಕುದುರೆ ಮಾಡಿಸಿದೋರು, ಗಾಲಿ ಹಾಕಿದೋರು, ಅವರ ಹೆಸರೆಲ್ಲ ಕೃತಜ್ಞತೆಯಲ್ಲಿ ಬರಲಿ. ಪಾಪ, ಅವರು ಸಾಧಾರಣ ಮನುಷ್ಯರು, ಆಸೆ ಇರುತ್ತೆ," ಎಂದು ಹೇಳಿ ವಿದುಷಿ ಕುದುರೆಗೆ ಕೈಮುಗಿದು ರೈಲಿಗೆ ಹೊರಟುಹೋದರು.

ಆಮೇಲೆ ಮೇಷ್ಟ್ರನ್ನು ಹೊರಗೆ ತೆಗೆಯುವ ಯೋಚನೆ ಶುರುವಾಯಿತು. ಬಾಗಿಲಿನ ಚೌಕಟ್ಟು ಒಡೆಯಬೇಕು ಎಂದರು ಇಂಜಿನಿಯರ್. ಕುದುರೆಯ ಕುತ್ತಿಗೆ ಕೊಯ್ಯಬೇಕು ಎಂದರು ನಾಟಕದ ಮೇಷ್ಟ್ರು, ಅಳುಮೋರೆ ಮಾಡಿಕೊಂಡು. "ಗಾಲಿ ಬಿಚ್ಚಿ ಅಂತ ಆಗಿಂದ ಹೇಳ್ತಿದ್ದೀನಿ, ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ?" ಎಂದಳು ಮೇಷ್ಟ್ರ ಹೆಂಡತಿ. ಗಾಲಿ ಬಿಚ್ಚಿದರು. ಕುದುರೆ ಸಲೀಸಾಗಿ ಹಿಂದಕ್ಕೆ ಜಾರಿತು. ಮೇಷ್ಟ್ರು ಹೊರಗೆ ಬಂದಾಗ ಕೋಟು ಮುದ್ದೆಯಾಗಿತ್ತು, ನೆತ್ತಿಯ ಮೇಲೆ ಗಡ್ಡೆ ಎದ್ದಿತ್ತು. ಹೆಡ್ಡು ಅವರ ಕೈ ಹಿಡಿದು ಕುಲುಕಿ, "ಮುನ್ನುಡಿಯ ಕರಡು ನೀವೇ ಬರೆದುಕೊಟ್ಟುಬಿಡಿ. ನಂಗೆ ಈ ವಿಷಯ ಅಷ್ಟು ಗೊತ್ತಿಲ್ಲ," ಎಂದರು.

ಮನೆಗೆ ಬಂದು ಕೂತ ಮೇಲೆ ಹೆಂಡತಿ ನೆತ್ತಿಗೆ ಎಣ್ಣೆ ಹಚ್ಚುತ್ತ ಹೇಳಿದಳು. "ಈಗ್ಲೂ ಏನೂ ಕೆಟ್ಟಿಲ್ಲ. ಆಯಮ್ಮನಿಗೆ ಫೋನ್ ಮಾಡಿ, ಹೆಸರು ಹಾಕಿ ಅಂತ ಒಂದು ಮಾತು ಹೇಳಿ. ಮುಗೀತಲ್ಲ."

"ಹೇಗೆ ಹೇಳ್ಲಿ? ಹೇಳಿದ್ರೆ ನಾನು ಮಾಡಿದ ವಾದವೇ ಬಿದ್ದುಹೋಗುತ್ತೆ. ಮತ್ತೆ ಆ ಕವಿ ಬಾಲ ಆಗ್ತಾನೆ."

ಹೆಂಡತಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು. "ಆಗೋದು ಬೇಡ ಬಿಡಿ," ಎಂದಳು. "ಏನು ಮಾತಾಡಿದ್ರಿ ಇವತ್ತು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೂ ಸಾರ್ಥಕ ಅನ್ನಿಸ್ತು ನಂಗೆ. ಬೀರುವಿನ ಜಾಗ ಹಾಗೇ ಇರ್ಲಿ. ಹೆಸರಿಲ್ದೆ ಬಂದ್ರೂ ಪುಸ್ತಕ ಅಲ್ಲೇ ಇಡ್ತೀನಿ. ಬಂದೋರಿಗೆ ಹೇಳೋಕೆ ನಂಗೆ ಬಾಯಿಲ್ವಾ?"

ಮೇಷ್ಟ್ರ ಎದೆ ಉಬ್ಬಿತು. ಹೆಸರು ಹೋದರೆ ಹೋಗಲಿ, ಕವಿಯ ಬಾಲ ಇವತ್ತಿಗೆ ಕಳಚಿ ಬಿತ್ತು. ತಮ್ಮದೂ ಬಿತ್ತು. ಇನ್ನು ಮೇಲೆ ಬೀದಿಯಲ್ಲಿ ಯಾವನೂ ತಮ್ಮನ್ನು ಬಾಲದ ಮೇಷ್ಟ್ರು ಎನ್ನಲಾರ ಎಂದುಕೊಂಡರು. ಅದು ನಿಜವೇ ಆಯಿತು. ಅಷ್ಟರಲ್ಲಿ ಹೊರಗೆ ಗೇಟು ಕಿರ್ರೆಂದಿತು. ಸೈಕಲ್ ರಿಪೇರಿಯವನು ಯಾರಿಗೋ ಮನೆ ತೋರಿಸುತ್ತಿದ್ದ.

"ಹೂಂ, ಇದೇ ಮನೆ. ಹೊಟ್ಟೆ ಮೇಷ್ಟ್ರು ಇರೋದು ಇಲ್ಲೇ."