ಹ್ಯಾಂಡ್‌ಬ್ರೇಕ್ ಬಿಡಿಸುವ ಹೊತ್ತಿಗೇ ಸರಿಯಾಗಿ ಬರುವ ನೆರೆಯವರಿಗೆ

ಶ್ರೀಯುತ ಮರ್ಲ್ ಹ್ಯಾಕೆಟ್ ಅವರ ಸನ್ನಿಧಾನಕ್ಕೆ,
ನಲವತ್ತೊಂದನೇ ನಿವೇಶನ, ಮನೆಗಾಡಿಗಳ ಚಳಿಗಾಲದ ಬಿಡಾರ, ಅರಿಝೋನಾ.

ಮಾನ್ಯರೇ,

ತಮ್ಮ ಎಡ ಮೊಣಕಾಲು ಕ್ಷೇಮವೆಂದು ನಂಬಿದ್ದೇನೆ. ಅದರ ಚರಿತ್ರೆ ಬಿಡಾರದ ಇನ್ನೂರು ಸಂಸಾರಗಳಿಗೂ ಬಾಯಿಪಾಠವಾಗಿರುವುದರಿಂದ ವಿಚಾರಿಸುವುದು ಬರೀ ಉಪಚಾರಕ್ಕೆ. ಪಕ್ಕದ ನಲವತ್ತನೇ ನಿವೇಶನದ ಎಮ್ಮೆಟ್ ಲಿಂಡ್‌ಕ್ವಿಸ್ಟ್ ಎಂಬ ನಾನು, ಮಿನೆಸೋಟದ ನಿವೃತ್ತ ಅಂಚೆ ನೌಕರ, ವಯಸ್ಸು ಎಪ್ಪತ್ತಾರು, ಈ ಪತ್ರವನ್ನು ಬಟ್ಟೆ ಒಗೆಯುವ ಕೋಣೆಯ ಫಲಕಕ್ಕೆ ಅಂಟಿಸುತ್ತಿರುವುದೇಕೆಂದರೆ, ತಮ್ಮೆದುರು ಬಾಯಿ ತೆರೆಯಲು ನನಗೆ ಈವರೆಗೆ ಸರದಿಯೇ ಬಂದಿಲ್ಲ.

ತಮಗೆ ತಿಳಿದಂತೆ, ನಾವು ಊರೂರು ಸುತ್ತುವಾಗ, ಅಡುಗೆಮನೆ ಹಾಸಿಗೆ ಸಮೇತ ಬಸ್ಸಿನಂತಿರುವ ಮನೆಗಾಡಿಯ ಹಿಂದೆ ನಮ್ಮ ಪಿಕಪ್ಪನ್ನು ಕಬ್ಬಿಣದ ಸರಳಿಗೆ ಸಿಕ್ಕಿಸಿ, ಅದರ ನಾಲ್ಕೂ ಚಕ್ರಗಳನ್ನು ನೆಲದ ಮೇಲೇ ಬಿಟ್ಟು, ಹಸುವಿನ ಹಿಂದಿನ ಕರುವಿನಂತೆ ಎಳೆದುಕೊಂಡು ಹೋಗುತ್ತೇವೆ. ಕರುವಾದರೆ ನೋವಾದಾಗ ಅಂಬಾ ಎನ್ನುತ್ತದೆ, ಪಿಕಪ್ಪಿಗೆ ಆ ಸೌಜನ್ಯವಿಲ್ಲ. ಅದಕ್ಕೇ ನಮ್ಮಲ್ಲಿ ಹನ್ನೊಂದು ಅಂಶಗಳ ಪಟ್ಟಿಯಿದೆ. ಹೆಂಡತಿ ಆರ್ಡಿಸ್ ಓದಬೇಕು, ನಾನು ಮಾಡಬೇಕು, ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದನೆಯದರಿಂದ ಶುರು. ಇದು ನಮ್ಮ ಮನೆಯ ಸಂವಿಧಾನ. ಕಳೆದ ಶರತ್ಕಾಲದಲ್ಲಿ ನಾನೊಂದು ಕಂಬಕ್ಕೆ ಮನೆಗಾಡಿಯ ಮೂಲೆ ತಾಗಿಸಿದಾಗ ಮಗಳು ಸಿಗ್ರಿಡ್ ತೀರ್ಪು ಕೊಟ್ಟಾಗಿತ್ತು: "ಅಪ್ಪಾ, ಇನ್ನೊಂದೇ ಒಂದು ಎಡವಟ್ಟು ಆಗ್ಲಿ, ಗಾಡಿ ಮಾರೋದೇ. ಆಮೇಲೆ ಇಬ್ರೂ ಬಂದು ನಮ್ಮನೆ ಮಹಡಿ ರೂಮಲ್ಲಿ ಟೀವಿ ನೋಡ್ಕೊಂಡು ಕೂತ್ಕೊಳಿ." ಸಿಗ್ರಿಡ್ ವಿಮಾನಗಳ ತಪಾಸಣೆ ಮಾಡುವವಳು, ಅವಳು ಸಹಿ ಹಾಕದೆ ವಿಮಾನ ಮೇಲೇಳುವುದಿಲ್ಲ, ಅಪ್ಪನೂ ಅಷ್ಟೇ.

ಹೀಗಿರಲು, ಮಾರ್ಚ್ ಇಪ್ಪತ್ತೆಂಟರ ಬೆಳಗ್ಗೆ ಆರ್ಡಿಸ್ "ಒಂಬತ್ತು. ಪಿಕಪ್ಪಿನ ಹ್ಯಾಂಡ್‌ಬ್ರೇಕ್ ಬಿಡ್ಸು" ಎಂದು ಓದಿದ ಶುಭಮುಹೂರ್ತದಲ್ಲಿ ತಾವು ಕಾಫಿ ಲೋಟ ಸಮೇತ ಅವತರಿಸಿದಿರಿ. "ಏನಪ್ಪಾ ಎಮ್ಮೆಟ್, ಹೊರಟೇಬಿಟ್ಯಾ? ಮಂಡಿ ಡಾಕ್ಟ್ರು ನಿನ್ನೆ ಏನಂದ್ರು ಗೊತ್ತಾ?" ನನಗೆ ಗೊತ್ತಿರಲಿಲ್ಲ, ಗೊತ್ತಾಗುವ ಆಸೆಯೂ ಇರಲಿಲ್ಲ. ಆದರೆ ಮಿನೆಸೋಟದವನು ಮಾತಾಡುವವರಿಗೆ ಬೆನ್ನು ತಿರುಗಿಸುವುದಕ್ಕಿಂತ ಹೊತ್ತಿ ಉರಿಯುವುದನ್ನೇ ಮೇಲೆಂದು ತಿಳಿಯುತ್ತಾನೆ. ತಮ್ಮ ಮೊಣಕಾಲಿನ ಕಥೆ ಮುಗಿದು ತಮ್ಮ ಅಳಿಯನ ದೋಣಿಯ ಕಥೆ ಶುರುವಾಗುವ ಸಂದಿಯಲ್ಲಿ ನಾನು ಸಂವಿಧಾನ ಮರೆತು ಸೀದಾ ಹತ್ತಕ್ಕೆ ಹಾರಿದೆ. ಗಾಡಿಯನ್ನು ಹತ್ತಡಿ ಮುಂದೆ ಸರಿಸಿ, ಪಿಕಪ್ಪಿನ ಚಕ್ರ ತಿರುಗುತ್ತದೆಯೇ ಎಂದು ಒಬ್ಬರು ಹಿಂದೆ ನಿಂತು ನೋಡುವುದು ಹನ್ನೊಂದನೆಯದು. ಆರ್ಡಿಸ್ ಕೆಲಸವದು. ತಾವು ದೊಡ್ಡ ಮನಸ್ಸು ಮಾಡಿ, "ನೀ ಹೋಗಿ ಕೂತ್ಕೊಳಮ್ಮಾ, ನಾ ನೋಡ್ತೀನಿ" ಎಂದು ಅವಳನ್ನು ಮನೆಗಾಡಿ ಹತ್ತಿಸಿದಿರಿ, ನೋಡಿದಿರಿ, "ಬೊಂಬಾಟಾಗಿ ತಿರುಗ್ತಿವೆ, ನಡಿ!" ಎಂದು ಕೂಗಿದಿರಿ. ಸುಳ್ಳಲ್ಲ. ತಾವು ನಿಂತಿದ್ದ ಮುಂದಿನ ಚಕ್ರಗಳು ಬೊಂಬಾಟಾಗಿಯೇ ತಿರುಗಿದವು. ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದ್ದು ಹಿಂದಿನವನ್ನು.

ತಮ್ಮ ಮಾತಿಗೆ ಬ್ರೇಕಿಲ್ಲ, ನಮ್ಮ ಗಾಡಿಗೆ ಬ್ರೇಕ್ ಬಿಟ್ಟಿಲ್ಲ. ಇಂಥ ಜೋಡಿ ಕೂಡಿಬರಲು ಪೂರ್ವಪುಣ್ಯ ಬೇಕು. ಮನೆಗಾಡಿಯ ಎಂಜಿನ್ನಿಗೆ ಆನೆಬಲವಾದ್ದರಿಂದ ನಮಗೇನೂ ತಿಳಿಯಲಿಲ್ಲ. ಮೂರು ಮೈಲಿ ಆಚೆ, ಹೆದ್ದಾರಿಯ ಡೀಸೆಲ್ ಬಂಕಿನಲ್ಲಿ ಲಾರಿಯವನೊಬ್ಬ "ತಾತಾ, ಹಿಂದೆ ಹೋಮ ಮಾಡಿಸ್ತಿದೀಯಾ?" ಎಂದು ಕೇಳಿದಾಗ ಇಳಿದು ನೋಡಿದರೆ ಪಿಕಪ್ಪಿನ ಹಿಂದಿನ ಟೈರುಗಳು ಒಂದು ಬದಿ ಸವೆದು, ರೊಟ್ಟಿಯಂತೆ ಚಪ್ಪಟೆಯಾಗಿ, ಹೊಗೆಯಾಡುತ್ತಿದ್ದವು. ಅಷ್ಟರಲ್ಲಿ ಅಳಿಯನ ದೋಣಿ ಕಥೆ ಅರ್ಧಕ್ಕೇ ನಿಂತಿತೆಂದು ಕಾರಿನಲ್ಲಿ ಬೆನ್ನಟ್ಟಿ ಬಂದ ತಾವು, ಅನುಕಂಪ ತಡೆಯಲಾರದೆ ಹೊಗೆಯ ಚಿತ್ರ ತೆಗೆದು ಬಿಡಾರದ ವಾಟ್ಸಾಪ್ ಗುಂಪಿಗೆ ಹಾಕಿದಿರಿ. ನಮ್ಮ ಮೇಲೊಂದು ಕಣ್ಣಿಡಲೆಂದು ಆ ಗುಂಪಿನಲ್ಲಿ ಸಿಗ್ರಿಡ್ ಕೂಡ ಇದ್ದಾಳೆ.

ಹೊಸ ಟೈರು ಹಾಕಿಸಿ ನಾವು ಬಿಡಾರಕ್ಕೆ ಮರಳಿದ ಎರಡೇ ದಿನಕ್ಕೆ ಅವಳು ಬಂದಿಳಿದಳು, ಮಾರಾಟದ ಕಾಗದಗಳ ಸಮೇತ. ನಾನು ಬೀಗದ ಕೈ ಕೊಟ್ಟೆ. ಆರ್ಡಿಸ್ ಅಡುಗೆ ಕಪಾಟಿನ ಬಟ್ಟಲುಗಳನ್ನು ಹಳೆಯ ಪತ್ರಿಕೆಯಲ್ಲಿ ಒಂದೊಂದಾಗಿ ಸುತ್ತಿದಳು. ಪಿಕಪ್ಪನ್ನು ಮನೆಗಾಡಿಗೆ ಸಿಕ್ಕಿಸಿ ಫೀನಿಕ್ಸಿನ ದಲ್ಲಾಳಿಗೆ ಒಪ್ಪಿಸಲು ಮಗಳು ಪಟ್ಟಿ ಹಿಡಿದು ಬಗ್ಗಿದಳು. ಆಗ, ಮಾನ್ಯರೇ, ತಮ್ಮ ಬಾಗಿಲಿನ ಸದ್ದು ಕೇಳಿಸಿತು, ತಾವು ಬಂದಿರಿ. "ಓ, ನೀನೇನಾ ಸಿಗ್ರಿಡ್? ವಿಮಾನದಲ್ಲಿ ಕೂತ್ರೆ ಈ ಮಂಡಿ ಯಾಕಮ್ಮಾ ಊದ್ಕೊಳತ್ತೆ?"

ಇಪ್ಪತ್ತು ನಿಮಿಷದ ಬಳಿಕ ಅವಳು ಎದ್ದು ಕೈ ಒರೆಸಿಕೊಂಡು "ಆಯ್ತು, ಹೊರಡೋಣ" ಎಂದಳು. ಆರ್ಡಿಸ್ ಬಟ್ಟಲು ಹಿಡಿದೇ ಇಣುಕಿ ನೋಡಿ, "ಸುರಕ್ಷಾ ಸರಪಳಿ ಎರಡೂ ನೆಲದ ಮೇಲಿವೆಯಲ್ಲ ತಾಯಿ, ಅವನ್ನ ಯಾವಾಗ ಹಾಕ್ತೀಯಾ?" ಎಂದಳು. ಸಿಗ್ರಿಡ್ ಸರಪಳಿಯನ್ನು ನೋಡಿದಳು, ಪಟ್ಟಿ ನೋಡಿದಳು, ಇನ್ನೂ ಊತದ ವರ್ಣನೆಯಲ್ಲಿದ್ದ ತಮ್ಮನ್ನು ಬಹಳ ಹೊತ್ತು ನೋಡಿದಳು.

"ಅಪ್ಪಾ, ಇವ್ರು ಆವತ್ತೂ ಹೀಗೇ ನಿಂತಿದ್ರಾ?"

"ಹೀಗೇ."

ಅವಳು ಕಾಗದಗಳನ್ನು ಮಡಚಿ ಜೇಬಿಗೆ ತುರುಕಿದಳು. ಆರ್ಡಿಸ್ ಬಟ್ಟಲುಗಳನ್ನು ಬಿಚ್ಚತೊಡಗಿದಳು.

ಆದ್ದರಿಂದ ದೂರೆಂದು ಶುರುವಾದ ಈ ಪತ್ರ ಕೃತಜ್ಞತೆಯಲ್ಲಿ ಮುಗಿಯಬೇಕಾಗಿ ಬಂದಿರುವುದಕ್ಕೆ ವಿಷಾದಿಸುತ್ತೇನೆ. ನಮ್ಮ ಮನೆ ಮುರಿಯುವಷ್ಟು ಮಾತಾಡಿದವರೂ ತಾವೇ, ಉಳಿಸುವಷ್ಟು ಮಾತಾಡಿದವರೂ ತಾವೇ. ತಮ್ಮ ಮೊಣಕಾಲಿಗೆ ಬಿಡಾರದ ಹೆಬ್ಬಾಗಿಲಲ್ಲಿ ಶಿಲಾಪ್ರತಿಮೆ ನಿಲ್ಲಿಸಬೇಕೆಂದೂ, ತಾವು ಸದಾ ಅದರ ಪಕ್ಕದಲ್ಲೇ ನಿಂತು ವಿವರಣೆ ಕೊಡುತ್ತಿರಬೇಕೆಂದೂ ಆಡಳಿತ ಮಂಡಳಿಗೆ ಅರ್ಜಿ ಹಾಕಿದ್ದೇನೆ. ಅದು ನಮ್ಮ ನಿವೇಶನದಿಂದ ಅರ್ಧ ಮೈಲಿ ದೂರ.

ತಮ್ಮ ವಿಶ್ವಾಸಿ, ಹೊಸ ಟೈರುಗಳ ಒಡೆಯ,
ಎಮ್ಮೆಟ್ ಲಿಂಡ್‌ಕ್ವಿಸ್ಟ್

ವಿ.ಸೂ.: ಇದಕ್ಕೆ ಉತ್ತರಿಸಬೇಕೆನಿಸಿದರೆ ದಯವಿಟ್ಟು ಬರೆದೇ ಕಳಿಸಿ, ಖುದ್ದಾಗಿ ಬಂದು ಹೇಳಬೇಡಿ. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನಾವು ಪಿಕಪ್ಪನ್ನು ಸಿಕ್ಕಿಸುತ್ತಿರುತ್ತೇವೆ.