ಎರೆಹೊಲದಲ್ಲಿ ಗುಡ್ಡದ ಸೈಕಲ್

ನಲವತ್ತೆಂಟು ದಾಟಿದ ಮೇಲೆ ಗಂಡಸಿಗೆ ಬರುವ ಹುಚ್ಚುಗಳಲ್ಲಿ ಎರಡು ಬಗೆ. ಕೆಲವು ಮನೆಯವರಿಗೆ ಗೊತ್ತಾಗದಂತೆ ಬಂದು ಹೋಗುತ್ತವೆ. ಇನ್ನು ಕೆಲವು ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತವೆ. ನನ್ನದು ಎರಡನೆಯದು. ಅದಕ್ಕೆ ದಪ್ಪ ಹಲ್ಲಿನ ಗಾಲಿಗಳಿವೆ, ಇಪ್ಪತ್ತೊಂದು ಗೇರುಗಳಿವೆ, ಸ್ಟ್ಯಾಂಡ್ ಮಾತ್ರ ಇಲ್ಲ. ಗುಡ್ಡಗಾಡಿನಲ್ಲಿ ಹೊಡೆಯುವ ಈ ಸೈಕಲ್ಲನ್ನು ಕೊಂಡು ಹನ್ನೊಂದು ತಿಂಗಳಾಗಿತ್ತು; ಅಷ್ಟರಲ್ಲಿ ಅದು ಹತ್ತಿದ ಅತಿ ಎತ್ತರದ ಜಾಗವೆಂದರೆ ನಮ್ಮ ಮನೆಯ ಮೆಟ್ಟಿಲು. ನನ್ನ ಹೆಂಡತಿ ಶರಣಮ್ಮ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಗಿಸುತ್ತಿದ್ದಳು.

ಇದನ್ನು ಸೋಮಾರಿತನ ಎನ್ನಬೇಡಿ. ನಾನು ಸುರಪುರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಯೋಜನೆಯಿಲ್ಲದೆ ಏನನ್ನೂ ಮಾಡುವವನಲ್ಲ. ಮೊದಲು ಮೊಬೈಲಿನಲ್ಲಿ ವಿಡಿಯೋ ನೋಡಿ ಸವಾರಿಯ ಶೈಲಿಗಳನ್ನು ಅಭ್ಯಾಸ ಮಾಡಿದೆ. ಕ್ರಾಸ್‌ಕಂಟ್ರಿ ಎಂದರೆ ಏರು, ಇಳಿವು, ಬಯಲು ಎಲ್ಲವನ್ನೂ ತುಳಿಯುವುದು. ಡೌನ್‌ಹಿಲ್ ಎಂದರೆ ಬರೀ ಇಳಿಯುವುದು. ನನ್ನ ಸ್ವಭಾವಕ್ಕೆ ಇಳಿಯುವುದೇ ಒಗ್ಗಿತು. ಆದರೆ ಪರದೇಶಗಳಲ್ಲಿ ಮನುಷ್ಯನನ್ನೂ ಸೈಕಲ್ಲನ್ನೂ ಗುಡ್ಡದ ತುದಿಗೆ ಒಯ್ಯಲು ಹಗ್ಗದ ಮೇಲೆ ತೊಟ್ಟಿಲಿನಂಥದ್ದು ಬರುತ್ತದೆ. ಸುರಪುರದ ಗುಡ್ಡದಲ್ಲಿ ಆ ಏರ್ಪಾಡಿಲ್ಲ. ಹಾಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ಮೊದಲನೆಯ ಶೈಲಿಗೆ ಒಪ್ಪಿ, ಋತುಮಾನದ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದೆ. ಬೇಸಿಗೆಯಲ್ಲಿ ಬಂಡೆ ಕಾದ ಹಂಚು, ರದ್ದು. ಸುಗ್ಗಿಯಲ್ಲಿ ಕಾಲುದಾರಿ ತುಂಬ ತೊಗರಿ ಕೂಳೆ, ಜಾಲಿಮುಳ್ಳು, ಟ್ಯೂಬ್ ಉಳಿಯದು; ರದ್ದು. ಮಳೆಗಾಲದಲ್ಲಿ ಮಳೆ. ಕಳೆಯುತ್ತ ಹೋದರೆ ವರ್ಷದಲ್ಲಿ ಹನ್ನೆರಡು ದಿನ ಉಳಿದವು. ಅವುಗಳಲ್ಲಿ ಒಂಬತ್ತು ದಿನ ಪರೀಕ್ಷೆ.

ಒಂದು ಶುಕ್ರವಾರ ಶರಣಮ್ಮನ ತಾಳ್ಮೆ ಮುಗಿಯಿತು. "ಈ ಐತಾರ ಬೋನಾಳ ಕೆರಿ ಮುಟ್ಟಿ ಬರ್ರಿ. ಆಗಲಿಲ್ಲಂದ್ರ ಇದನ್ನ ನಮ್ಮ ಬಸಣ್ಣಗ ಕೊಟ್ಟುಬಿಡ್ರಿ. ಅವನರ ಹೊಲಕ್ಕ ತೊಗೊಂಡು ಹೋಗ್ತಾನ," ಎಂದಳು. ಬಸಣ್ಣ ಅವಳ ತಮ್ಮ. ಬೋನಾಳದ ಹತ್ತಿರ ಅವನ ಹೊಲ. ಹೊಡೆಯಲಿ ಬಿಡಲಿ, ಆ ಸೈಕಲ್ ಪಡಸಾಲೆಯಲ್ಲಿ ನಿಂತಿರುವವರೆಗೆ ನಾನು ಸಾಹಸಿ. ಅದು ಹೋದರೆ ಬರೀ ಮಾಸ್ತರ.

ಸುರಪುರದಲ್ಲಿ ಎಂಟು ದಿನದಿಂದ ಮಳೆಯಿರಲಿಲ್ಲ. ಮೊಬೈಲನ್ನು ಕೇಳಿದೆ, ಹಲ್ಲು ಕಿರಿಯುವ ಸೂರ್ಯನನ್ನು ತೋರಿಸಿತು. ಪ್ಯಾಂಟು ಕೆಸರಾಗಬಾರದೆಂದು ಶನಿವಾರವೇ ಎರಡೂ ಗಾಲಿಗೆ ಹೊಸ ಮಡ್‌ಗಾರ್ಡ್ ಹಾಕಿಸಿದೆ. ಐತವಾರ ಬೆಳಿಗ್ಗೆ ಗುಡ್ಡದ ಕಲ್ಲುದಾರಿಯಲ್ಲಿ ಸೈಕಲ್ ಎಷ್ಟು ಚೆನ್ನಾಗಿ ಓಡಿತೆಂದರೆ, ಹನ್ನೊಂದು ತಿಂಗಳು ಸುಮ್ಮನೆ ಕಳೆದೆನಲ್ಲಾ ಎಂದು ನಿಜವಾಗಿಯೂ ದುಃಖವಾಯಿತು. ಆ ಹುಮ್ಮಸ್ಸಿನಲ್ಲೇ ಡಾಂಬರು ರಸ್ತೆ ದಾಟಿ ಹತ್ತಿಹೊಲಗಳ ನಡುವಿನ ದಾರಿಗೆ ಇಳಿದೆ. ನೆಲ ಕಪ್ಪಗೆ ಮಿರುಗುತ್ತಿತ್ತು. ಗಾಲಿ ನಾಲ್ಕು ಸುತ್ತು ತಿರುಗಿತು. ಐದನೆಯದು ತಿರುಗಲಿಲ್ಲ.

ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಾರೆ ಹಾಕಿದಂತೆ ತುಂಬಿಕೊಂಡಿತ್ತು. ಕಡ್ಡಿಯಿಂದ ಕೆರೆದೆ, ಎರಡು ಹೆಜ್ಜೆಗೆ ಮತ್ತೆ ತುಂಬಿತು. ದೂಡಿದೆ, ಎಳೆದೆ, ಕೊನೆಗೆ ಹೆಗಲಿಗೇರಿಸಿದೆ. ಬೂಟುಗಳಿಗೆ ಮಣ್ಣು ಮೆತ್ತಿ ನಾನು ನಾಲ್ಕು ಬೆರಳು ಎತ್ತರವಾಗಿದ್ದೆ. "ಕಪ್ಪು ಮಣ್ಣು ಒದ್ದೆಯಾದಾಗ ಅಂಟಾಗುತ್ತದೆ, ಬರೆದುಕೊಳ್ಳಿ" ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಿರುವವನು ನಾನೇ. ಮಕ್ಕಳೆಲ್ಲ ಬರೆದುಕೊಂಡಿದ್ದಾರೆ. ನಾನು ಬರೆದುಕೊಂಡಿರಲಿಲ್ಲ.

ಕೆರೆಯ ಏರಿ ದೂರದಲ್ಲಿ ಕಾಣುತ್ತಿತ್ತು. ಅದಕ್ಕಿಂತ ಮೊದಲು ಬದುವಿನ ಮೇಲೆ ನಿಂತ ಬಸಣ್ಣ ಕಂಡ.

"ಯಾಕ್ರಿ ಮಾವಾರ, ಸೈಕಲ್ಲಿಗಿ ಕಾಲು ನೋಯಾಕತ್ತಾವೇನು? ಹೊತ್ಕೊಂಡು ಬಂದೀರಿ!" ಹತ್ತಿರ ಬಂದು ಗಾಲಿ ನೋಡಿ ತಲೆ ಅಲ್ಲಾಡಿಸಿದ. "ನಿನ್ನಿ ಸಂಜಿಕ ಇಲ್ಲಿ ಭಾರಿ ಮಳಿ ಆಗ್ಯಾದ. ನಾವು ಎತ್ತನೂ ಹೊಲಕ್ಕ ಇಳಿಸಿಲ್ಲ. ಮಳಿಗಾಲ ಬಂತಂದ್ರ ನಮ್ಮ ಮಂದಿ ಮಡ್‌ಗಾರ್ಡ್ ಬಿಚ್ಚಿ ಇಡ್ತಾರ. ನೀವು ನೋಡಿದ್ರ ಹೊಸಾವು ಹಾಕ್ಸೀರಿ!"

ಗೇಣುದ್ದದ ಸೈಕಲ್ಲೇನೋ ಎಂಬಂತೆ ಅದನ್ನು ಎತ್ತಿಕೊಂಡು ಡಾಂಬರು ರಸ್ತೆಯವರೆಗೆ ತಂದುಕೊಟ್ಟ. "ಸೋತೆನಪಾ ಬಸಣ್ಣ. ಕೆರಿ ಮುಟ್ಟಲಿಲ್ಲ. ನಿಮ್ಮಕ್ಕ ಹೇಳಿದಂಗ ಇನ್ನ ಇದು ನಿಂದು," ಎಂದೆ. ಅವನು ಸೈಕಲ್ಲಿನ ಸುತ್ತ ಒಂದು ಸಲ ತಿರುಗಿದ.

"ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ. ಮೇವಿನ ಹೊರಿ ಎಲ್ಲಿ ಕಟ್ಟಲ್ರಿ? ನನಗ ಬ್ಯಾಡ್ರಿ ಮಾವಾರ, ನಿಮಗ ಇರ್ಲಿ."

ಸೈಕಲ್ ಉಳಿದ ಸಂತೋಷಕ್ಕಿಂತ, ಪುಕ್ಕಟೆ ಕೊಟ್ಟರೂ ಬೇಡವಾಯಿತಲ್ಲ ಎಂಬ ಅವಮಾನವೇ ಹೆಚ್ಚಾಗಿತ್ತು. ಟಂಟಂ ಆಟೋ ಹಿಡಿದು, ಅದರ ನೆತ್ತಿಯ ಮೇಲೆ ಸೈಕಲ್ ಕಟ್ಟಿಸಿಕೊಂಡು ಮನೆಗೆ ಬಂದೆ.

ಶರಣಮ್ಮ ಆಗಲೇ ಎರಡು ಕೊಡ ಬಿಸಿನೀರು ಕಾಯಿಸಿಟ್ಟಿದ್ದಳು. ನನಗೆ ಸಂಶಯ ಬಂತು. "ನಿನಗ ಗೊತ್ತಿತ್ತೇನು?"

"ಬಸಣ್ಣ ನಿನ್ನಿನೇ ಫೋನ್ ಮಾಡಿದ್ದ, ಮಳಿ ಭಾಳ ಆಗ್ಯಾದಂತ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವೆಲ್ಲಿ ನನ್ನ ಕೇಳಿದ್ರಿ? ಮೊಬೈಲ್ ಕೇಳಾಕತ್ತಿದ್ರಿ."

ಗೋಡೆಯ ಪಟ್ಟಿಯನ್ನು ಅಂದೇ ಕಿತ್ತುಹಾಕಿದೆ. ಈಗ ಪ್ರತಿ ಶನಿವಾರ ಸಂಜೆ ಅವಳನ್ನೇ ಕೇಳುತ್ತೇನೆ. ಅವಳು ತಮ್ಮನಿಗೆ ಫೋನ್ ಮಾಡುತ್ತಾಳೆ. ಬಸಣ್ಣ ಹೊಲದ ಹೆಂಟೆಯೊಂದನ್ನು ಮುಷ್ಟಿಯಲ್ಲಿ ಹಿಸುಕಿ, ಅದು ಪುಡಿಯಾಗುತ್ತದೋ ಅಂಟುತ್ತದೋ ನೋಡಿ ವರದಿ ಕೊಡುತ್ತಾನೆ. "ಇನ್ನಾ ಹದ ಆಗಿಲ್ಲಂತ, ತಡೀರಿ," ಎನ್ನುತ್ತಾಳೆ ಶರಣಮ್ಮ. ನಾನು ಮುಖ ಸಣ್ಣ ಮಾಡಿ, ನಿಟ್ಟುಸಿರು ಬಿಟ್ಟು, ಐತವಾರ ಎಂಟರವರೆಗೆ ಮಲಗುತ್ತೇನೆ. ಸೈಕಲ್ ಮೇಲೆ ಟವೆಲ್ ಒಣಗುತ್ತದೆ. ಒಂದೇ ಕಷ್ಟ. ಅವಳು ಫೋನ್ ಕೆಳಗಿಟ್ಟು ಬಾಯಿ ತೆರೆಯುವವರೆಗೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಎಲ್ಲಿ "ಹದ ಆಗ್ಯಾದಂತ, ಹೋಗ್ರಿ" ಎಂದುಬಿಡುತ್ತಾಳೋ ಎಂದು.