ಮುಂಡಗೋಡದಾವನ ಎರಡು ಕಾಲು

ಕುಸ್ತಿಯಾಗ ಕೈಕಾಲು ಮುರದ ಕಥಿ ಎಲ್ಲಾರ ಹತ್ರನೂ ಇರ್ತಾವ. ನಗಿಪಾಟಲಾದ ಕಥಿ ಮಾತ್ರ ಯಾಕೋ ನನಗ ಹುಡುಕಿಕೊಂಡು ಬರ್ತಿದ್ವು.

೧. ಭೋಂಗಾ

೧೯೬೦ರ ಆಸುಪಾಸಿನಾಗ ನಾ ದಾಂಡೇಲಿ ಕಾಗದದ ಗಿರಣ್ಯಾಗ ಲಾರಿಯಿಂದ ಬಿದಿರು ಇಳಸಾಂವ. ಪಾಳಿ ಇಲ್ಲದಾಗ ಅಂಬೇವಾಡಿ ತಾಲೀಮಿನಾಗ ಕುಸ್ತಿ. ನನಗ ವೈರಿ ಅಂದ್ರ ಒಬ್ಬನ, ಮುಂಡಗೋಡದ ಅಕ್ಕಿ ಅಂಗಡಿಯಾಂವ. ಬೀಳೂ ಹೊತ್ತು ಬಂತಂದ್ರ ತಾನ ಕುಂಡಿ ಊರಿ ಕುಂತು, ಎರಡೂ ಕಾಲು ಮುಂದ ಎತ್ತಿಬಿಡ್ತಿದ್ದ. ಎರಡೂ ಭುಜ ಮಣ್ಣಿಗೆ ಹತ್ತೂತನಕ ಸೋಲಿಲ್ಲಲ್ಲ. ಹತ್ರ ಹೋದಾವ್ರ ಎದಿಗೆ ಅಂಗಾಲು ಕೊಟ್ಟು ನೂಕಾಂವ.

ಒಮ್ಮೆ ಅವನ ಒಂದು ಕಾಲು ನನ್ನ ಬಗಲಾಗ ಸಿಕ್ತು. ಇನ್ನೇನು ಹೊಳ್ಳಿಸಬೇಕು, ಗಿರಣ್ಯಾಗ ಪಾಳಿ ಮುಗಿಯೂ ಭೋಂಗಾ ಹೊಡೀತು. ಚಾಳಿ ನೋಡ್ರಿ, ಭೋಂಗಾ ಆತಂದ್ರ ಕೈಯಾಗಿಂದು ಬಿಟ್ಟು ನೆಟ್ಟಗ ನಿಂದ್ರೂದು. ನಿಂತೆ. ಎದಿಗೆ ಎರಡೂ ಅಂಗಾಲು ಬಿದ್ದು ನಾನ ಅಂಗಾತಾದೆ.

ಕುಸ್ತಿ ಕಲಸೂ ವಸ್ತಾದರು ನನ್ನ ಬೆನ್ನಿನ ಮಣ್ಣು ಝಾಡಿಸ್ತಾ ಅಂದ್ರು, "ಪಾಳಿ ಮುಗೀತಲ್ಲ, ಇನ್ನ ಮನಿಗೆ ನಡಿ."

೨. ಬೆಂಚು

ಸೂಪಾದ ಕುಸ್ತಿಯಾಗೂ ಅವನ ಅದ ಕಾಲಿನ ಒದಿಕಿಗೆ ಬಿದ್ದೆ. ವಸ್ತಾದರು ತಾಲೀಮಿನ ಗ್ವಾಡಿ ಗೂಟ ತೋರಿಸಿದ್ರು. "ಹಳಿಯಾಳದ ಕುಸ್ತಿಯಾಗ ಇನ್ನೊಂದು ಸರ್ತಿ ಬಿದ್ದಿ ಅಂದ್ರ ಲಂಗೋಟ ಇಲ್ಲಿ ನೇತುಹಾಕಿ ಹೋಗು. ಮತ್ತ ಈ ಮಣ್ಣು ತುಳೀಬ್ಯಾಡ."

ಆ ಮಣ್ಣು ಬಿಟ್ರ ನನಗ ಬ್ಯಾರೆ ಖುಷಿನ ಇರ್ಲಿಲ್ಲ. ಅಳು ಬಂದಂಗಾತು. ಮನಿಗೆ ಬಂದು ಬೆಂಚು ಡಬ್ಬ ಹಾಕಿ, ಅದರ ಕಾಲು ಅವನ ಕಾಲಂತ ತಿಳಕೊಂಡು ನಡುವ ನುಗ್ಗಿದೆ. ಮೊಣಕಾಲು ಕೆತ್ತಿ ರಕ್ತ ಬಂತು. ಹೆಂಡತಿ ಇಣುಕಿ ನೋಡಿದ್ಲು.

"ಯಾರು ಗೆದ್ರಿ?"

"ಬೆಂಚು."

"ಹಂಗಾರ ಹಳಿಯಾಳಕ್ಕ ಅದನ್ನ ಕಳಸ್ರಿ. ನೀವು ರೊಟ್ಟಿ ತಿನ್ನಾಕ ಬರ್ರಿ."

೩. ಬಿದಿರು

ಮರುದಿನ ಲಾರಿ ಹಿಂದ ಎರಡು ಬಿದಿರು ನನ್ನ ಮಾರಿಗೆ ಚಾಚಿದ್ವು. ಬೆಂಚಿನ ಗುಂಗಿನಾಗ ನಡುವ ತೂರಾಕ ಹೋದೆ. ಹಮಾಲರ ಪೈಕಿ ಹಿರ್ಯಾ ಅಜ್ಜ ಗದರಿಸಿದ, "ತಮ್ಮಾ, ನಡುವ ಯಾಕ ಸಾಯ್ತಿ? ಎರಡನ್ನೂ ಕೂಡಿಸಿ ಒಂದ ಕಡೆ ಒತ್ತು, ಬಾಜೂಲಿಂದ ಹೋಗು."

ದಿನಾ ಮಾಡೂ ಕೆಲಸ. ಅವತ್ತ ತಲಿಗೆ ಹೊಳೀತು. ಅಜ್ಜನ ಕಾಲಿಗೆ ಬಿದ್ದೆ.

ಅಜ್ಜ ಎರಡು ಹೆಜ್ಜಿ ಹಿಂದ ಸರದು ಉಳದಾವ್ರಿಗೆ ಅಂದ, "ಇವಗ ಬಿಸಲು ಬಡದೈತಿ, ನೀರು ಕೊಡ್ರಿ."

೪. ಹಳಿಯಾಳ

ಕಣಕ್ಕ ಇಳಿಯೂ ಮುಂದ ವಸ್ತಾದರು ಕಿವಿ ಹಿಡದು ಹೇಳಿದ್ರು, "ಭೋಂಗಾ ಹೊಡೀಲಿ, ಸಿಡ್ಲು ಹೊಡೀಲಿ, ಕೆಳಗ ಸಿಕ್ಕಾವನ್ನ ಬಿಡಬ್ಯಾಡ. ನಾ ಹೇಳಿದ ಮ್ಯಾಲ ಏಳು."

ಮುಂಡಗೋಡದಾಂವ ಕುಂತ, ನಕ್ಕ, ಕಾಲು ಎತ್ತಿದ. ನಾ ಎರಡೂ ಕಾಲಿನ ಹರಡು ಹಿಡದು, ಕೂಡಿಸಿ, ಬಿದಿರು ಒತ್ತಿದಂಗ ಎಡಕ್ಕ ಒತ್ತಿ, ಬಲಕ್ಕ ಹಾರಿದೆ. ಅಂವ ಕಾಲು ತಿರುಗಿಸೂದ್ರಾಗ ಅವನ ಎದಿಮ್ಯಾಲ ನನ್ನ ಎದಿ. ಎರಡೂ ಭುಜ ಮಣ್ಣಾಗ. ಪಂಚರು ಸೀಟಿ ಊದಿದ್ರು, ಹಲಗಿ ಬಾರಿಸೂದು ಸುರು ಆತು. ಎದಿ ತುಂಬಿ ಬಂತು, ಆದ್ರ ನಾ ಏಳಲಿಲ್ಲ. ಪಂಚರು ಬೆನ್ನು ತಟ್ಟಿದ್ರು. ನಾಕು ಮಂದಿ ಜಗ್ಗಿದ್ರು. ಏಳಲಿಲ್ಲ.

ಕೆಳಗಿನಿಂದ ಸಣ್ಣ ದನಿ ಬಂತು, "ಏಳಪಾ ಅಣ್ಣಾ, ನೀನ ಗೆದ್ದಿ."

"ವಸ್ತಾದರು ಇನ್ನೂ ಹೇಳಿಲ್ಲ."

ಇಬ್ರೂ ಕತ್ತು ತಿರುಗಿಸಿ ನೋಡಿದ್ವಿ. ವಸ್ತಾದರು ರುಮಾಲು ಗಾಳಿಗೆ ತೂರಿ, ಹಲಗಿ ಮುಂದ ಕಣ್ಣು ಮುಚ್ಚಿ ಕುಣ್ಯಾಕತ್ತಿದ್ರು.

ಮುಂಡಗೋಡದಾಂವ ಇದ್ದ ಉಸರೆಲ್ಲಾ ಕೂಡಿಸಿ ಕೂಗಿದ, "ಯಾರರ ಆ ಮನಶ್ಯಾನ ಕುಣತ ನಿಂದರಸ್ರೋ, ನನ್ನ ಜೀವ ಹೊಂಟೈತಿ."